ಭಾವನ ಉಳಿ, ಅಮ್ಮನ ರೊಟ್ಟಿ

ನನ್ನ ಭಾವನನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆ ಮಾತ್ರ ಕರೆದುಕೊಂಡು ಹೋಗಬೇಡಿ! ನನ್ನ ತಮ್ಮನಿಗೆ ಹೆಣ್ಣು ನೋಡಲು ಹೋದಾಗ ನಾವೆಲ್ಲ ಹುಡುಗಿಯನ್ನು ನೋಡುತ್ತಿದ್ದರೆ, ಅಕ್ಕನ ಗಂಡನಾದ ಈ ಮಹಾಶಯರು ಬಾಗಿಲನ್ನು ತಟ್ಟಿ, ಮೂಸಿ, "ಹಳೇ ತೇಗ. ಈ ಸಂಬಂಧ ಬಿಡ್ಬೇಡಿ" ಎಂದು ಘೋಷಿಸಿದ್ದರು.

ಹುಡುಗರಾಗಿದ್ದಾಗ ರಜೆಯನ್ನೆಲ್ಲ ಬಡಗಿಯ ಅಂಗಡಿಯಲ್ಲೇ ಕಳೆದವರಂತೆ. ಆಮೇಲೆ ಯಶವಂತಪುರದಲ್ಲಿ ಕೆಲಸ, ಮದುವೆ, ಮಕ್ಕಳು ಎಂದು ಬಡಗಿ ಸಾಮಾನಿನ ಪೆಟ್ಟಿಗೆ ಅಟ್ಟ ಸೇರಿತ್ತು. ನಿವೃತ್ತಿಯಾದದ್ದೇ ತಡ, ಯಲಹಂಕದ ಮನೆಯಲ್ಲಿ ಅದು ಕೆಳಗಿಳಿಯಿತು. ಉಳಿಗೂ ತುಕ್ಕು, ಕೈಗೂ ತುಕ್ಕು! ಮೊದಲು ಮಾಡಿದ್ದು ಊಟಕ್ಕೆ ಕೂರುವ ಮಣೆ. ಕಾಲಿಲ್ಲದ ಮಣೆಯೂ ಕುಂಟಬಲ್ಲದು ಎಂದು ನನಗೆ ತಿಳಿದದ್ದು ಆವತ್ತೇ.

"ನೆಲ ಸರಿಯಿಲ್ಲ ಕಣೋ" ಎಂದರು ಭಾವ.

ಬಾಗಲೂರಿಗೆ ನೆಂಟರ ಮದುವೆಗೆ ಹೊರಟಾಗ ರಸ್ತೆ ಬದಿಯಲ್ಲಿ ಯಾರೋ ಬಿಸಾಡಿದ ಮಂಚದ ಕಾಲುಗಳು ಕಂಡವು. ಕಾರು ಗಕ್ಕನೆ ನಿಂತಿತು. ಅಕ್ಕ ರೇಷ್ಮೆ ಸೀರೆಯಲ್ಲಿ ಮಂಚದ ಕಾಲುಗಳನ್ನು ತಬ್ಬಿ ಕೂತೇ ಛತ್ರ ಸೇರಬೇಕಾಯಿತು. ಬಾಗಿಲಲ್ಲೇ ಹುಡುಗಿಯ ತಂದೆ ಕೈಮುಗಿದರು. "ಅಯ್ಯೋ, ಮಂಚ ಎಲ್ಲ ಯಾಕ್ ತರೋಕ್ ಹೋದ್ರಿ?" ಅವರ ಕಡೆಯವರು ಕಾಲುಗಳನ್ನು ಹೊತ್ತು ವೇದಿಕೆಯ ಹತ್ತಿರ ಇಟ್ಟೂ ಬಿಟ್ಟರು! ಊಟ ಮುಗಿಸಿ, ಉಡುಗೊರೆಯನ್ನು ವಾಪಸ್ಸು ಹೊತ್ತು ತಂದವರು ಭೂಮಿಯ ಮೇಲೆ ನಾವಷ್ಟೇ ಇರಬೇಕು.

ನಮ್ಮ ಅಮ್ಮ ಅಟ್ಟೂರಿನವಳು. ಅವಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಒಮ್ಮೆ ಸಾರು ಬಡಿಸುತ್ತ ಕೇಳಿದಳು, "ಉಳಿ ಜಾಸ್ತಿ ಆಯ್ತೇನಪ್ಪ?"

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇಲ್ಲ ಅತ್ತೆ, ಮೂರೇ ಇರೋದು. ಇನ್ನೊಂದು ತಗೋಬೇಕು."

ಅಂಥ ಅಮ್ಮನಿಗೆ ಮಂಡಿಯ ಆಪರೇಷನ್ ಆಯಿತು. ಅಕ್ಕನ ಮನೆಯಲ್ಲೇ ಉಳಿದಳು. ಹೆಚ್ಚು ಹೊತ್ತು ನಿಲ್ಲಬಾರದು, ನೆಲದ ಮೇಲೆ ಕೂರಬಾರದು ಎಂದರು ಡಾಕ್ಟರು. ಮಾತು ಕಡಿಮೆಯಾಯಿತು, ಊಟ ಅರ್ಧಕ್ಕಿಳಿಯಿತು. "ಮಗಳ ಮನೇಲಿ ಕುಂತ್ಕೊಂಡು ತಿನ್ನೋ ಅಂಗಾಯ್ತು" ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ನಾವು ಎಷ್ಟು ಹೇಳಿದರೂ ಅಷ್ಟೇ.

ಒಂದು ಬೆಳಿಗ್ಗೆ ಭಾವ ಟೇಪು ಹಿಡಿದು ಬಂದರು. "ಅತ್ತೆ, ಎದ್ದು ಕೂತ್ಕೊಂಡು ಸ್ವಲ್ಪ ಮೊಣಕೈ ಮಡಚಿ."

"ಆಪರೇಸನ್ ಆಗಿರೋದು ಮಂಡಿಗೆ ಕಣಪ್ಪ!"

ಭಾವ ಅಳತೆ ತೆಗೆದುಕೊಂಡು ಹೊರಟುಹೋದರು. ಆಮೇಲೆ ದಿನವೂ ಮಾಳಿಗೆಯ ಮೇಲಿಂದ ಗರಗಸದ ಸದ್ದು. ಮಾಡಿದ್ದನ್ನು ಬಿಚ್ಚಿದರು, ಬಿಚ್ಚಿದ್ದನ್ನು ಜೋಡಿಸಿದರು. ಕೊನೆಗೆ ಅವರು ಹೊತ್ತು ತಂದದ್ದು ಒಂದು ಎತ್ತರದ ಕುರ್ಚಿ. ಒರಗಲು ಬೆನ್ನು, ಪಾದ ಇಡಲು ಅಗಲವಾದ ಹಲಗೆ. ಅಡುಗೆಮನೆಯ ಕಟ್ಟೆಯ ಮುಂದಿಟ್ಟು, ತಾವೇ ಕೂತು ಕುಲುಕಾಡಿ ನೋಡಿದರು. ಅಲುಗಾಡಲಿಲ್ಲ! ಆಮೇಲೆ ಅಮ್ಮನನ್ನು ನಿಧಾನವಾಗಿ ನಡೆಸಿಕೊಂಡು ಬಂದು ಕೂರಿಸಿದರು.

ಅಮ್ಮ ಕಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ಮೊಣಕೈ ಸರಿಯಾಗಿ ಕಟ್ಟೆಯ ಮಟ್ಟಕ್ಕೆ ಬಂದಿತ್ತು. ಆಮೇಲೆ ಅಕ್ಕನಿಗೆ, "ಅಕ್ಕಿ ಇಟ್ಟು ಎಲ್ಲೈತೆ, ಕೊಡು" ಎಂದಳು.

"ಬಿಡಮ್ಮ, ನಾನ್ ತಟ್ತೀನಿ."

"ಅತ್ಲಾಗಿ ಓಗು ನೀನು!"

ಎಷ್ಟು ದಿನಗಳ ಮೇಲೆ ಕೇಳಿದ ಬೈಗುಳ! ಅಮ್ಮ ರೊಟ್ಟಿ ತಟ್ಟಿ ತವೆಗೆ ಹಾಕಿದಳು. ಭಾವ ತಟ್ಟೆ ಚಾಚಿದರು. ಆಗ ಅವರ ಬೆರಳುಗಳು ಅವಳ ಕಣ್ಣಿಗೆ ಬಿದ್ದವು. ಅಲ್ಲಲ್ಲಿ ಗಾಯ, ಹೆಬ್ಬೆರಳಿಗೆ ಬಟ್ಟೆ. ಅಳಿಯನೆಂಬ ಸಂಕೋಚಕ್ಕೆ ಯಾವತ್ತೂ ದೂರದಿಂದಲೇ ಮಾತಾಡಿಸುತ್ತಿದ್ದ ಅಮ್ಮ, ಹಿಟ್ಟು ಮೆತ್ತಿದ ಕೈಯಲ್ಲೇ ಆ ಕೈಯನ್ನು ಹಿಡಿದುಕೊಂಡಳು. ಮಗುವಿಗೆ ಊದುವಂತೆ ಹೆಬ್ಬೆರಳಿಗೆ ಊದಿದಳು.

"ಇಂಗ್ಯಾಕಪ್ಪ ಗಾಯ ಮಾಡ್ಕೊಂಡೆ?"

ಭಾವ ಇನ್ನೊಂದು ಕೈಯಲ್ಲಿದ್ದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. ಅಮ್ಮ ಹಿಡಿದ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ರೊಟ್ಟಿ ಸೀಯುತ್ತಿರುವುದು ಇಬ್ಬರಿಗೂ ತಿಳಿಯಲಿಲ್ಲ. ಅಕ್ಕ ಸದ್ದಿಲ್ಲದೆ ಬಂದು ಒಲೆ ಆರಿಸಿದಳು.