ಎಮ್ಮೆಗುಡ್ಡದ ಏಳು ಗಂಟೆ

ಎಂಟು ದಿಕ್ಕುಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡು, ಯುಗಯುಗಾಂತರಗಳಿಂದ ಬೇಸರವಿಲ್ಲದೆ ಕಾವಲು ಕಾಯುತ್ತಿರುವ ಎಲೈ ದಿಕ್ಪಾಲಕರೇ, ಒಂದು ಗಳಿಗೆ ಈ ಕಡೆ ಕಿವಿಗೊಡಿ. ಕೈಯೊಳಗಿನ ಫೋನು ಎಡಕ್ಕೆ ಎಂದರೆ ಎಡಕ್ಕೂ ಬಲಕ್ಕೆ ಎಂದರೆ ಬಲಕ್ಕೂ ಹೊರಳುತ್ತ, ಮನುಷ್ಯರು ಹಿಂದಿನ ಓಣಿಯ ಬೀಗರ ಮನೆಗೂ ದಾರಿ ಕೇಳಿಕೊಂಡು ಹೋಗುವ ಕಾಲವದು. ಅಂಥ ದಿಗ್ಭ್ರಾಂತ ಕಲಿಯುಗದಲ್ಲಿ ಒಂದು ನಕ್ಷೆ, ಒಂದು ದಿಕ್ಸೂಚಿ, ಇವೆರಡನ್ನೇ ಆಯುಧ ಮಾಡಿಕೊಂಡು, ಮುಳ್ಳುಕಂಟಿಯ ಗುಡ್ಡದಲ್ಲಿ ಅಡಗಿಸಿಟ್ಟ ನಿಶಾನೆಗಳನ್ನು ಒಂದಾದ ಮೇಲೊಂದರಂತೆ ಹುಡುಕಿ ಓಡಿಬರುವ ಓರಿಯಂಟೀರಿಂಗ್ ಎಂಬ ಕ್ರೀಡೆಯನ್ನು ತಲೆಯ ಮೇಲೆ ಹೊತ್ತು ನಡೆದ ಒಬ್ಬ ಮಹಾಪುರುಷನಿದ್ದ. ಸೀಟಿನಿನಾದ-ಕಂಪಿತ-ದಿಗಂತ, ಸಹಸ್ರಬಾಲಕ-ಕವಾಯತು-ದೀಕ್ಷಾಗುರು, ಇಸ್ತ್ರಿಗೊಂಡ-ಶ್ವೇತವಸನ-ಶೋಭಿತ, ನಿವೃತ್ತ ಪಿ.ಟಿ. ಮಾಸ್ತರ ಫಕ್ಕೀರಪ್ಪ ಹೊಸಳ್ಳಿಯವರೇ ಆ ಪುರುಷ. ಅವರು ಗಡಿಯಾರದೊಡನೆ ನಿಂತು ಕಾದಿದ ಕದನದ ಕಥೆಯಿದು.

ಫಕ್ಕೀರಪ್ಪ ಮಾಸ್ತರರು ಉತ್ತರಸೀಮೆ ಓರಿಯಂಟೀರಿಂಗ್ ಮಂಡಳದ ಕಾರ್ಯದರ್ಶಿ ಪದವಿಯನ್ನು, ಬೇರೆ ಯಾರೂ ಅದನ್ನು ಬೇಡದ ಕಾರಣ, ಹದಿನಾಲ್ಕು ವರುಷ ನಿಷ್ಕಂಟಕವಾಗಿ ಆಳಿದ್ದರು. ಆ ಹದಿನಾಲ್ಕು ವರುಷವೂ ರಾಷ್ಟ್ರೀಯ ಕೂಟವನ್ನು ನಮ್ಮಲ್ಲಿ ನಡೆಸಲು ಕೊಡಿ ಎಂದು ಕಾಗದ ಬರೆದರು. ಹದಿಮೂರು ಕಾಗದಗಳಿಗೆ ಉತ್ತರ ಬರಲಿಲ್ಲ. ಹದಿನಾಲ್ಕನೆಯದಕ್ಕೆ, ನಡೆಸಬೇಕಿದ್ದ ಬೇರೊಂದು ರಾಜ್ಯ ಕೈಯೆತ್ತಿದ್ದರಿಂದ, ಆಗಲಿ ಎಂಬ ಒಂದು ಸಾಲು ಬಂತು. ಮಾಸ್ತರರು ಆ ಸಾಲನ್ನು ಜಗಲಿಯ ಮೇಲೆ ಕುಳಿತು ನಾಲ್ಕು ಸಲ ಓದಿ, ಒಳಗೆ ಹೋಗಿ ಕ್ಯಾಲೆಂಡರು ಇಳಿಸಿಕೊಂಡರು.

ತಾರೀಖುಗಳ ಸಂಹಾರ ಅಲ್ಲಿಂದ ಶುರುವಾಯಿತು. ಜನವರಿಯಲ್ಲಿ ಈಶಾನ್ಯದ ತಂಡಗಳಿಗೆ ರೈಲಿನ ಸೀಟು ಸಿಗಲಿಲ್ಲ. ಫೆಬ್ರವರಿಯ ಒಂದು ಭಾನುವಾರವನ್ನು ಮಂಡಳದ ಅಧ್ಯಕ್ಷರ ತಂಗಿಯ ಮಗನ ಮದುವೆ ನುಂಗಿತು. ಮುಂದಿನದನ್ನು ಅದೇ ಮದುವೆಯ ಬೀಗರೂಟ ನುಂಗಿತು. ಮಾರ್ಚ್ ತಿಂಗಳನ್ನು ಪರೀಕ್ಷೆಗಳು ಇಡಿಯಾಗಿ ಸೆರೆಹಿಡಿದವು. ಹೀಗೆ ಹನ್ನೊಂದು ತಾರೀಖುಗಳು ರಣಭೂಮಿಯಲ್ಲಿ ಒರಗಿದ ಮೇಲೆ, ಏಪ್ರಿಲ್ ತಿಂಗಳ ಎರಡನೆಯ ಭಾನುವಾರವೊಂದು ಮೈತುಂಬ ಗಾಯ ಮಾಡಿಕೊಂಡು, ಆದರೆ ಜೀವಸಹಿತ ಉಳಿಯಿತು. ಏಪ್ರಿಲ್ ಅಂದರೆ ಆ ಸೀಮೆಯಲ್ಲಿ ಹತ್ತು ಗಂಟೆಗೆ ಕಲ್ಲು ಕಾಯುತ್ತದೆ, ಹನ್ನೊಂದಕ್ಕೆ ನೆರಳೂ ಕಾಯುತ್ತದೆ. ಗುಡ್ಡ ಬಳಸಲು ಸಿಕ್ಕ ಅನುಮತಿಯಾದರೋ ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ.

ಗುಡ್ಡಕ್ಕೆ ಎಮ್ಮೆಗುಡ್ಡವೆಂದು ಹೆಸರು. ಅದರ ನಕ್ಷೆ ಬರೆದವರು ಕಾಲೇಜಿನಲ್ಲಿ ಭೂಗೋಳ ಕಲಿಸುವ ಇಂದುಮತಿ ಹೊಂಬಳ. ಹತ್ತು ತಿಂಗಳು ರಜೆಯೆಲ್ಲ ಗುಡ್ಡದಲ್ಲಿ ಸವೆಸಿ, ಮೂರು ಜೊತೆ ಬೂಟು ಹರಿದುಕೊಂಡು, ಒಂದೊಂದು ಬಂಡೆ, ಒಂದೊಂದು ಕೊರಕಲು, ಒಂದೊಂದು ಜಾಲಿಮೆಳೆ ಎಲ್ಲಿದೆಯೋ ಅಲ್ಲೇ ಕಾಗದದ ಮೇಲೆ ಕೂರಿಸಿದ್ದರು. ಅವರು ಮಂಡಳದ ಸದಸ್ಯೆಯಲ್ಲ. ಕೆಲಸ ಮಾಡುವವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳುವ ಪದ್ಧತಿ ಮಂಡಳದಲ್ಲಿರಲಿಲ್ಲ.

ಮಾಸ್ತರರ ಪಾಲಿಗೆ ಬಂದದ್ದು ಹೊರಡುವ ವೇಳೆಯ ಪಟ್ಟಿ. ಮುನ್ನೂರ ಹನ್ನೆರಡು ಓಟಗಾರರು, ಹೊರಡಲು ನಾಲ್ಕು ಗೆರೆ, ಗೆರೆಯೊಂದರಿಂದ ಎರಡು ನಿಮಿಷಕ್ಕೊಬ್ಬರು. ಒಂದೇ ರಾಜ್ಯದ ಇಬ್ಬರು ಬೆನ್ನುಬೆನ್ನಿಗೆ ಹೋಗಬಾರದು, ಹೋದರೆ ಹಿಂದಿನವನು ಮುಂದಿನವನ ಬೆನ್ನು ನೋಡಿಕೊಂಡೇ ದಾರಿ ಕಂಡುಕೊಳ್ಳುತ್ತಾನೆ. ಮಾಸ್ತರರು ಗೆರೆಹಾಳೆಯ ಮೇಲೆ ಪೆನ್ಸಿಲಿನಿಂದ ಬರೆದರು, ಅಳಿಸಿದರು, ಮತ್ತೆ ಬರೆದರು. ರಬ್ಬರಿನ ಪುಡಿ ಊಟದ ತಟ್ಟೆಗೂ ಬಿತ್ತು. ಕೊನೆಗೆ ಮೂಡಿದ ಪಟ್ಟಿಯಲ್ಲಿ ಮೊದಲಿಗರು ಬೆಳಗ್ಗೆ ಏಳಕ್ಕೆ, ಕೊನೆಯವರು ಒಂಬತ್ತು ಮೂವತ್ತನಾಲ್ಕಕ್ಕೆ ಹೊರಡುತ್ತಿದ್ದರು. ಎಷ್ಟೇ ಮೆಲ್ಲಗೆ ಓಡಿದರೂ ಹನ್ನೆರಡಕ್ಕೆ ಎಲ್ಲರೂ ನೆರಳಿಗೆ ಬರುತ್ತಿದ್ದರು. ಪಟ್ಟಿ ಹತ್ತೊಂಬತ್ತು ರಾಜ್ಯಗಳಿಗೆ ಹೋಯಿತು.

ಏಳು ಗಂಟೆಯ ಮೇಲೆ ಅವರಿಗೆ ಅಷ್ಟು ಹಟವಿದ್ದುದಕ್ಕೆ ಕಾರಣವಿತ್ತು. ಹಿಂದಿನ ವರುಷದ ಸಣ್ಣ ಕೂಟವೊಂದರಲ್ಲಿ ಸ್ವಾಗತ ಭಾಷಣಗಳು ಮುಗಿಯುವಷ್ಟರಲ್ಲಿ ಹತ್ತೂವರೆಯಾಗಿ, ಹದಿನೈದರ ಹುಡುಗಿಯೊಬ್ಬಳು ನಾಲ್ಕನೆಯ ನಿಶಾನೆಯ ಹತ್ತಿರ ಬಿಸಿಲಿಗೆ ಬಿದ್ದಿದ್ದಳು. ಮಾಸ್ತರರೇ ಹೆಗಲ ಮೇಲೆ ಹೊತ್ತು ಇಳಿಸಿದ್ದರು. ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟು ಸರಿಯಾಗಿ ಮಾತಾಡಿದ ಆ ಹುಡುಗಿ, ತನಗೆ ನಾಲ್ಕನೆಯದು ಸಿಕ್ಕಿತ್ತೆಂದು ದಾಖಲಾಗಿದೆಯೇ ಎಂದು ಕೇಳಿದ್ದಳು.

ಇತ್ತ ವೈರಿಪಾಳೆಯದ ವರ್ಣನೆಯೂ ಆಗಬೇಕಲ್ಲ. ಹಾರಪ್ರಿಯ, ಶಾಲುಲೋಲ, ವೇದಿಕಾವಿಹಾರಿ, ಧ್ವನಿವರ್ಧಕವನ್ನು ಕಂಡರೆ ಬಿಡದ ಮಹಾಬಾಹು, ಅರಳೆಗಿರಣಿಯ ಒಡೆಯ ಚಂದ್ರಗೌಡ ಪೊಲೀಸಪಾಟೀಲರು ಮಂಡಳದ ಅಧ್ಯಕ್ಷರು. ಎಮ್ಮೆಗುಡ್ಡವನ್ನು ಅವರು ಕಾರಿನ ಕಿಟಕಿಯಿಂದ ಎರಡು ಸಲ ನೋಡಿದ್ದರು. ಕೂಟಕ್ಕೆ ಹದಿನೈದು ದಿನವಿರುವಾಗ ಗಿರಣಿಯ ಕಚೇರಿಯಲ್ಲಿ ಸಭೆ ಕರೆದು, ಆಮಂತ್ರಣಪತ್ರಿಕೆಯ ಕಟ್ಟನ್ನು ಮೇಜಿನ ಮೇಲೆ ಗದೆಯಿಟ್ಟಂತೆ ಇಟ್ಟರು. ಅಚ್ಚಾಗಿ ಬಂದಿತ್ತು: ಹನ್ನೊಂದು ಗಂಟೆಗೆ ಮಂತ್ರಿಗಳಿಂದ ಉದ್ಘಾಟನೆ, ಸನ್ಮಾನ, ನುಡಿಗಳು, ಹನ್ನೆರಡಕ್ಕೆ ಮಂತ್ರಿಗಳು ಹಸಿರು ನಿಶಾನೆ ತೋರಿದ ಮೇಲೆ ಓಟ. ಒಳಗೆ ಗಣ್ಯರ ಹೆಸರುಗಳು ಮೂವತ್ತೊಂದು. ಇಂದುಮತಿಯವರದು ಇರಲಿಲ್ಲ. ಮಾಸ್ತರರದು ಇತ್ತು, ವಂದನಾರ್ಪಣೆಯ ಎದುರಿಗೆ.

ಆಗ ಫಕ್ಕೀರಪ್ಪ ಮಾಸ್ತರರು ಆಸನದಿಂದ ಮೇಲೆದ್ದರು. ಸೂರ್ಯನು ಸಾರಥಿ ಸಮೇತನಾಗಿ ಬಂದು ಅಡ್ಡ ನಿಂತರೂ, ನಾಲ್ಕು ದಿಕ್ಕಿನ ಗಾಳಿ ಒಂದಾಗಿ ಬೀಸಿ ಪಟ್ಟಿಯನ್ನು ಹಾರಿಸಿಕೊಂಡು ಹೋದರೂ, ತಮ್ಮ ಉಸಿರು ಸೀಟಿಯೊಳಗೆ ಹೊಗುವಷ್ಟು ಕಾಲ ಏಳೆಂದರೆ ಏಳೇ, ಏಳರ ಮೇಲೊಂದು ನಿಮಿಷವೂ ಅಲ್ಲವೆಂಬ ಅರ್ಥ ಬರುವಂತೆ ಅವರು ಗರ್ಜಿಸಿದರು. ಚಂದ್ರಗೌಡರು ಚಹದ ಕಪ್ಪನ್ನು ಕೆಳಗಿಟ್ಟು, ಮಂತ್ರಿಗಳ ಹಸಿರು ಬಾವುಟ ಅಲುಗದ ಹೊರತು ಆ ಗುಡ್ಡದಲ್ಲಿ ಗುಬ್ಬಿಯೂ ರೆಕ್ಕೆ ಬಿಚ್ಚಲಾರದು, ಮಂತ್ರಿಗಳನ್ನು ಬಿಸಿಲಲ್ಲಿ ಖಾಲಿ ಗುಡ್ಡ ನೋಡಲು ಕರೆದಂತಾಗುತ್ತದೆ ಎಂದು ಪ್ರತಿಗರ್ಜಿಸಿದರು. ನಕ್ಷೆ ತೋರಿಸಲು ಬಂದು ಬಾಗಿಲ ಹತ್ತಿರ ನಿಂತಿದ್ದ ಇಂದುಮತಿ ನಡುವೆ ಒಂದೇ ಮಾತು ಆಡಿದರು.

"ಹನ್ನೆರಡಕ್ಕ ಬಿಟ್ಟರ ಒಂದಕ್ಕ ಗುಡ್ಡ ಖಾಲಿ ಮಾಡಬೇಕ್ರಿ. ಮುನ್ನೂರು ಮಂದೀನ್ನ ಎಲ್ಲಿಂದ ಹುಡುಕಿ ತರೋಣ?"

ಆ ಪ್ರಶ್ನೆಗೆ ಉತ್ತರವಿಲ್ಲದ್ದರಿಂದ ಸಭೆ ವಿಷಯವನ್ನು ಮತಕ್ಕೆ ಹಾಕಿತು. ಏಳು ಸದಸ್ಯರಲ್ಲಿ ಐವರಿಗೆ ವೇದಿಕೆಯ ಮೇಲೆ ಕುರ್ಚಿ ನಿಗದಿಯಾಗಿತ್ತು. ಆ ಐದು ಕೈಗಳು ಹನ್ನೆರಡರ ಕಡೆಗೆ ಎದ್ದವು. ಆರನೆಯವರು ನಿದ್ದೆ ಮಾಡುತ್ತಿದ್ದರು. ಏಳನೆಯವರೇ ಮಾಸ್ತರರು. ವೇಳೆ ಬದಲಾಗಿದೆಯೆಂದು ಎಲ್ಲ ರಾಜ್ಯಗಳಿಗೂ ಕಾರ್ಯದರ್ಶಿಗಳು ಕೂಡಲೇ ತಿಳಿಸತಕ್ಕದ್ದೆಂಬ ಠರಾವು ಪಾಸಾಯಿತು.

ಈಗ ಬರುವುದೇ ಆ ವೀರನ ಮಹಾಕೃತ್ಯ. ಮೂವತ್ಮೂರು ವರುಷದ ನೌಕರಿಯಲ್ಲಿ ಒಬ್ಬ ಹೆಡ್‌ಮಾಸ್ತರನ ಮಾತನ್ನೂ ಮೀರದಿದ್ದ, ರಜೆಯ ಅರ್ಜಿಯನ್ನೂ ಎರಡು ಪ್ರತಿ ಬರೆಯುತ್ತಿದ್ದ ಫಕ್ಕೀರಪ್ಪ ಮಾಸ್ತರರು ವೇಳೆ ಬದಲಾದದ್ದನ್ನು ತಿಳಿಸುವ ಕಾಗದವನ್ನು ಶುದ್ಧ ಅಕ್ಷರದಲ್ಲಿ ಬರೆದು, ಸಹಿ ಮಾಡಿ, ಮಂಡಳದ ಶಿಕ್ಕೆ ಒತ್ತಿ, ಚೀಲದಲ್ಲಿಟ್ಟುಕೊಂಡರು. ಆಮೇಲೆ ಕಳಿಸಲಿಲ್ಲ. ದಿನಾ ಬೆಳಗ್ಗೆ ಚೀಲ ತೆಗೆದು ಅದು ಅಲ್ಲೇ ಇದೆಯೆಂದು ನೋಡುತ್ತಿದ್ದರು. ಹದಿನೈದು ದಿನ ಆ ವೀರನು ಒಂದು ಕಾಗದವನ್ನು ಅಂಚೆಗೆ ಹಾಕದೆ ಯುದ್ಧ ಮಾಡಿದ.

ಭಾನುವಾರ ಬಂತು. ಆರೂಮುಕ್ಕಾಲಿಗೆ ಗುಡ್ಡದ ಬುಡದಲ್ಲಿ ಸುಣ್ಣದಲ್ಲಿ ಎಳೆದ ನಾಲ್ಕು ಗೆರೆಗಳ ಹಿಂದೆ ನಾನಾದೇಶಾಗತರಾದ ವೀರರು ಬೂಟಿನ ದಾರ ಬಿಗಿಯುತ್ತಿದ್ದರು. ಇಂದುಮತಿ ಹಿಂದಿನ ಸಂಜೆಯೇ ನಲವತ್ತೊಂದು ನಿಶಾನೆಗಳನ್ನು ಕಟ್ಟಿ ಬಂದಿದ್ದರು. ಏಳಕ್ಕೆ ನಾಲ್ಕು ನಿಮಿಷವಿರುವಾಗ ಧೂಳೆಬ್ಬಿಸಿಕೊಂಡು ಬಿಳಿ ಕಾರು ಬಂದು ನಿಂತಿತು. ಯಾರೋ ಸುದ್ದಿ ಮುಟ್ಟಿಸಿದ್ದರು. ಅರ್ಧ ಹಲ್ಲುಜ್ಜಿದ ಮೋರೆಯಲ್ಲಿ ಇಳಿದ ಚಂದ್ರಗೌಡರು ನೇರವಾಗಿ ನಡೆದು ಬಂದು, ಎರಡನೆಯ ಗೆರೆಯ ಮುಂದೆ ಎರಡೂ ಕೈ ಚಾಚಿ, ಪ್ರವಾಹಕ್ಕೆ ಅಡ್ಡಗಟ್ಟಿದ ಪರ್ವತದಂತೆ ನಿಂತರು.

ಮಾಸ್ತರರ ಹಸ್ತ ಬೆವೆತು ಸೀಟಿ ಜಾರಿತು. ಅದನ್ನು ಪ್ಯಾಂಟಿಗೆ ಒರೆಸಿಕೊಂಡು, ಗಡಿಯಾರ ನೋಡಿಕೊಂಡು, ಬಹಳ ಮೆಲ್ಲಗೆ ಹೇಳಿದರು.

"ಗೌಡ್ರ, ನೀವು ನಿಂತದ್ದು ಮಣಿಪುರದ ಹುಡುಗಿ ಮುಂದ. ಸ್ವಲ್ಪ ಸರೀರಿ."

"ಮಾಸ್ತರ, ನೀವು ಸೀಟಿ ಹೊಡದ್ರ ನಾ ಸುಮ್ಮನಿರಾಂವ ಅಲ್ಲ."

ಸೀಟಿ ಕೂಗಿತು. ನಾಲ್ಕು ಗೆರೆಗಳಿಂದ ನಾಲ್ವರು ಚಿಮ್ಮಿದರು. ಎರಡನೆಯ ಗೆರೆಯ ಮಣಿಪುರದ ಹುಡುಗಿ ಅಧ್ಯಕ್ಷರನ್ನು ಒಮ್ಮೆ ನೋಡಿ, ನಕ್ಷೆಯಲ್ಲಿ ಗುರುತು ಹಾಕದ ಬಂಡೆಯೊಂದು ಎದುರಾದರೆ ಹೇಗೋ ಹಾಗೆ, ವೇಗ ತಗ್ಗಿಸದೆ ಎಡಕ್ಕೆ ಬಳಸಿಕೊಂಡು ಹೋದಳು. ಎರಡು ನಿಮಿಷಕ್ಕೆ ಬಂದ ಹರಿಯಾಣದವಳು ಬಲಕ್ಕೆ ಬಳಸಿದಳು. ಐದನೆಯವಳ ಹೊತ್ತಿಗೆ ಗೌಡರ ಕೈಗಳು ತಾವಾಗಿ ಇಳಿದವು. ಎಂಟನೆಯವಳ ಹೊತ್ತಿಗೆ ಅವರು ಪಕ್ಕಕ್ಕೆ ಸರಿದು, ಒಂದು ಕ್ಷಣ ಏನೋ ಯೋಚಿಸಿ, ಅಡಿಗೆಯ ಪೆಂಡಾಲಿನ ಕಡೆಗೆ ನಡೆದರು.

ಕೂಟ ನಡೆದ ಬಗೆಯನ್ನು ಬಣ್ಣಿಸಲು ಹೆಚ್ಚು ಮಾತು ಬೇಕಿಲ್ಲ, ಯಾಕೆಂದರೆ ಎಲ್ಲವೂ ಸರಿಯಾಗಿ ನಡೆಯಿತು. ಯಾರೂ ಬೀಳಲಿಲ್ಲ. ದಾರಿ ತಪ್ಪಿದವರು ತಮ್ಮದೇ ತಪ್ಪಿನಿಂದ ತಪ್ಪಿದರು, ನಕ್ಷೆಯಿಂದಲ್ಲ. ಇಂಥ ನಿಖರ ನಕ್ಷೆಯನ್ನು ತಾನು ಆರು ವರುಷದಲ್ಲಿ ಕಂಡಿಲ್ಲವೆಂದು ಸೇನೆಯ ತಂಡದ ಹಿರಿಯ ಓಟಗಾರರೊಬ್ಬರು ಇಂದುಮತಿಯವರ ಮುಂದೆ ಬಂದು ಹೇಳಿ ಹೋದರು. ಇಂದುಮತಿ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ತಲೆ ತಗ್ಗಿಸಿದರು. ಹನ್ನೊಂದು ಐವತ್ತಕ್ಕೆ ಮುನ್ನೂರ ಹನ್ನೆರಡನೆಯವರು ಬಂದು ಮುಟ್ಟಿದಾಗ ಮಾಸ್ತರರು ಪಟ್ಟಿಯ ಕೊನೆಯ ಹೆಸರಿನ ಎದುರು ಗುರುತು ಹಾಕಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. ಅಷ್ಟು ಹಗುರಾದದ್ದು ಅವರಿಗೆ ಬಹಳ ವರುಷಗಳ ಮೇಲೆ.

ಹಸಿದ ಸೈನ್ಯ ಊಟಕ್ಕೆ ನಡೆಯಿತು. ಅಲ್ಲಿ ಹಂಡೆಗಳ ಮುಚ್ಚಳ ತೆರೆದಿರಲಿಲ್ಲ. ಅಡಿಗೆಯ ನಿಂಗವ್ವ ಸೌಟನ್ನು ಎದೆಗೊತ್ತಿಕೊಂಡು ಹಂಡೆಯ ಮುಂದೆ ಕುಳಿತಿದ್ದಳು.

"ಉದ್ಘಾಟನಿ ಆಗೂತನಕ ಮುಚ್ಚಳ ತಗೀಬ್ಯಾಡ ಅಂತ ಗೌಡ್ರು ಮುಂಜಾನೆನ ಹೇಳಿ ಹೋಗ್ಯಾರ್ರಿ, ಮಾಸ್ತರ. ನನಗೂ ಸಂಕಟ ಆಗಾಕತ್ತೈತಿ. ಆದ್ರ ನಾಳೆ ನಾ ಅವರ ಗಿರಣಿ ಮುಂದನ ಹಾದು ಹೋಗಬೇಕಲ್ರಿ."

ಮಾಸ್ತರರು ವೇದಿಕೆಗೆ ಹೋದರು. ಚಂದ್ರಗೌಡರು ತಲೆಗೆ ಹೊಸ ಪಟಗ ಸುತ್ತಿಕೊಂಡು ಕುಳಿತಿದ್ದವರು ಶಾಂತರಾಗಿ ಷರತ್ತು ಹೇಳಿದರು: ಮಂತ್ರಿಗಳು ಬಂದಾಗ ಓಟಗಾರರೆಲ್ಲ ಗೆರೆಗೆ ನಿಲ್ಲಬೇಕು, ಹಸಿರು ನಿಶಾನೆ ಬೀಳಬೇಕು, ಮಾಸ್ತರರು ಸೀಟಿ ಹೊಡೆಯಬೇಕು, ನೂರು ಮೀಟರ್ ಓಡಿದರೆ ಸಾಕು, ಫೋಟೋ ಆಗುತ್ತದೆ. ಮುಗಿದ ಓಟವನ್ನು ಮತ್ತೆ ಹೊರಡಿಸುವುದು ಕ್ರೀಡೆಯ ಮುಖಕ್ಕೆ ಮಸಿ ಬಳಿದಂತೆ, ತಮ್ಮ ಪ್ರಾಣವಿರುವತನಕ ಅದಾಗದೆಂದು ಮಾಸ್ತರರು ದೊಡ್ಡ ದನಿಯಲ್ಲಿ ಹೇಳಿದರು. ಹೇಳಿ ತಿರುಗಿ ನೋಡಿದರು. ಎರಡು ಗಂಟೆ ಗುಡ್ಡ ಸುತ್ತಿ ಬಂದ ಮಕ್ಕಳು ಪೆಂಡಾಲಿನ ನೆರಳಿನಲ್ಲಿ ಖಾಲಿ ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಹಂಡೆಗಳನ್ನೇ ನೋಡುತ್ತಿದ್ದರು. ಬೆಳಗ್ಗೆ ಗೌಡರನ್ನು ಎಡಕ್ಕೆ ಬಳಸಿ ಹೋದ ಹುಡುಗಿ ಗೋಡಂಬಿಯ ಖಾಲಿ ಪೊಟ್ಟಣದ ಮೂಲೆಯಲ್ಲಿ ಬೆರಳಾಡಿಸುತ್ತಿದ್ದಳು.

ಮಂತ್ರಿಗಳು ಬಂದದ್ದು ಒಂದಕ್ಕೆ ಹತ್ತು ನಿಮಿಷವಿರುವಾಗ. ಬೆನ್ನಿಗೆ ಗುಡ್ಡ ಬಂದರೆ ಚಿತ್ರ ಚೆನ್ನಾಗಿರುತ್ತದೆಂದು ಫೋಟೋದವರು ಗೆರೆಯನ್ನು ತಿರುವು ಮುರುವು ಮಾಡಿಸಿದ್ದರು. ಆದ್ದರಿಂದ ಮುನ್ನೂರ ಹನ್ನೆರಡು ವೀರರು ಎಮ್ಮೆಗುಡ್ಡಕ್ಕೆ ಬೆನ್ನು ಹಾಕಿ, ಊಟದ ಪೆಂಡಾಲಿಗೆ ಮುಖ ಮಾಡಿ ನಿಂತರು. ಮಂತ್ರಿಗಳು ಬಾವುಟದ ಸುರುಳಿ ಬಿಚ್ಚುತ್ತಿದ್ದರು. ಫಕ್ಕೀರಪ್ಪ ಮಾಸ್ತರರು ಕಣ್ಣು ಮುಚ್ಚಿಕೊಂಡು ಸೀಟಿ ಹೊಡೆದರು.

ಅದೇ ಕ್ಷಣಕ್ಕೆ ನಿಂಗವ್ವ ಮುಚ್ಚಳ ತೆಗೆದಳು.

ಅಂಥ ಓಟವನ್ನು ಆ ಗುಡ್ಡ ಆ ದಿನವೆಲ್ಲ ಕಂಡಿರಲಿಲ್ಲ. ನೂರು ಮೀಟರಿಗೆ ಯಾರೂ ನಿಲ್ಲಲಿಲ್ಲ. ಬಾವುಟ ಪೂರ್ತಿ ಬಿಚ್ಚುವಷ್ಟರಲ್ಲಿ ಮೈದಾನ ಬರಿದಾಗಿ, ಫೋಟೋದಲ್ಲಿ ಮಂತ್ರಿಗಳು, ಹಸಿರು ಬಟ್ಟೆ ಮತ್ತು ಧೂಳು ಮಾತ್ರ ಉಳಿದವು. ಬೆಳಗಿನ ಚಿನ್ನದ ಪದಕದವನು ಇಲ್ಲಿ ನಲವತ್ತನೆಯವನಾಗಿ ಬಂದ.

ಮೂವತ್ತೊಂದು ಹೆಸರುಗಳ ನುಡಿಗಳು ಖಾಲಿ ಕುರ್ಚಿಗಳ ಮುಂದೆ ಮುಗಿದು, ವಂದನಾರ್ಪಣೆಯೂ ಮುಗಿದಾಗ ಎರಡೂವರೆ. ಮಾಸ್ತರರು ತಟ್ಟೆ ಹಿಡಿದುಕೊಂಡು ಹೋದರು. ಸಾಲಿನಲ್ಲಿ ಅವರೊಬ್ಬರೇ ಇದ್ದರು. ಹಿಂದಿನಿಂದ ಯಾರೋ ಬಂದು ನಿಂತ ಸಪ್ಪಳವಾಯಿತು. ಪಟಗ ಕಂಕುಳಲ್ಲಿಟ್ಟುಕೊಂಡು, ತಟ್ಟೆ ಹಿಡಿದು ಚಂದ್ರಗೌಡರು. ಇಬ್ಬರೂ ಒಬ್ಬರ ಮೋರೆ ಒಬ್ಬರು ನೋಡಲಿಲ್ಲ. ನಿಂಗವ್ವ ಹಂಡೆಯೊಳಗೆ ಬಗ್ಗಿ ಸೌಟಿನಿಂದ ಕೆರೆದಳು.

"ಪಲಾವ್ ತಳ ಹತ್ತಿದ್ದಷ್ಟ ಉಳದೈತ್ರಿ," ಅಂದಳು. "ಇಬ್ಬರಿಗೆ ಆಗ್ತೈತಿ."