ನೆಂಟಸ್ತನಕ್ಕೆ ಬಗ್ಗದ ಯಂತ್ರ

ನಮ್ಮ ಕಡೂರು ಸೀಮೆಯಲ್ಲಿ ಗುಟ್ಟು ತಿಳಿಯಲು ಯಾರೂ ಬೀಗ ಒಡೆಯುವುದಿಲ್ಲ. ನೀವು ಯಾರ ಕಡೆಯವರು ಎಂದು ಕೇಳುತ್ತಾರೆ. ಎರಡು ಮಾತಿನೊಳಗೆ ಒಂದು ನೆಂಟಸ್ತನ ಹೊರಡುತ್ತದೆ. ಆಮೇಲೂ ಬಾಯಿ ಬಿಡದಿದ್ದರೆ ಜಂಬದವರು ಅನ್ನಿಸಿಕೊಳ್ಳಬೇಕು. ಹೀಗೆ ಬೆಳೆದ ನನ್ನನ್ನು ನಮ್ಮ ದೊಡ್ಡ ಸಹಕಾರ ಸಂಸ್ಥೆಯವರು ಕಡೂರು, ತರೀಕೆರೆ, ಅಜ್ಜಂಪುರ ಕಚೇರಿಗಳ ಎಐ ಭದ್ರತೆಗೆ ನೇಮಿಸಿದರು.

ಕಡತಗಳನ್ನೆಲ್ಲ ಓದಿಕೊಂಡು, ಕೇಳಿದ್ದಕ್ಕೆ ಸೊಗಸಾಗಿ ಉತ್ತರಿಸುವ ಯಂತ್ರ ಅದು. ಖಾಸಗಿ ವಿಷಯ ಹೇಳಕೂಡದೆಂದು ಅದಕ್ಕೆ ಕಟ್ಟಪ್ಪಣೆಯಾಗಿತ್ತು. ಅಜ್ಜಂಪುರದ ಗುಮಾಸ್ತ ಸಿದ್ದೇಶ ಅದರ ಹತ್ತಿರವೂ ನೆಂಟಸ್ತನ ಹೂಡಿದ. ನಾನು ರಜೆಯಲ್ಲಿದ್ದ ದಿನ, ನಾನು ತನಗೆ ಸೋದರಮಾವನಾಗಬೇಕು, ಯಾಕೆ ರಜೆ ಹಾಕಿದೆನೋ ತಿಳಿಯದೆ ಮನೆಯವರಿಗೆಲ್ಲ ಗಾಬರಿ ಎಂದು ಟೈಪಿಸಿದನಂತೆ. ಯಂತ್ರ ಕರಗಿತು. ನನ್ನ ರಜೆ ಅರ್ಜಿ ನೋಡಿ, ನಾನು ಡ್ರೈವಿಂಗ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ ಎರಡನೇ ಸಲ ಹೋಗಿದ್ದೇನೆಂದು, ಸಮಾಧಾನದ ಮಾತೂ ಸೇರಿಸಿ ತಿಳಿಸಿತು. ಮರುದಿನದಿಂದ ನನ್ನನ್ನು ಕಂಡವರೆಲ್ಲ ಗಾಳಿಯಲ್ಲಿ ಗೇರು ಹಾಕತೊಡಗಿದರು.

ಅಷ್ಟರಲ್ಲಿ ತರೀಕೆರೆ ಕಚೇರಿಯ ರೆಹಾನಾ ಫೋನ್ ಮಾಡಿದಳು. ಚಿಕಿತ್ಸೆಗೆಂದು, ಕಾಯಿಲೆಯ ಹೆಸರು ಬರೆದೇ ರಜೆ ಅರ್ಜಿ ಕೊಟ್ಟಿದ್ದಳು. “ಸಾರ್, ನನ್ ಕಾಯಿಲೆ ಹೆಸ್ರು ಆ ಮಿಷನ್ ಬಾಯಲ್ಲಿ ಬಂದ್ರೆ ನಾನು ಕೆಲ್ಸಾನೇ ಬಿಟ್ಬಿಡ್ತೀನಿ ಕಣ್ರೀ,” ಎಂದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕೇಂದ್ರ ಕಚೇರಿಯವರು ಅಪ್ಪಣೆಯನ್ನು ಇನ್ನಷ್ಟು ಬಿಗಿಯಾಗಿ ಬರೆಯೋಣವೆಂದರು. ನಾನು ಜಗಳಕ್ಕೇ ನಿಂತೆ. ನೆಂಟರ ಮುಂದೆ ಅಪ್ಪಣೆ ನಡೆದದ್ದನ್ನು ನಾನಂತೂ ನೋಡಿಲ್ಲ. ಕೇಳುವವರಿಗೆ ನೋಡುವ ಹಕ್ಕಿಲ್ಲದ ಕಡತ ಯಂತ್ರದ ಕೈಗೇ ಸಿಗಬಾರದು ಎಂದು ಹಟ ಹಿಡಿದು, ಹಾಗೆಯೇ ಮಾಡಿಸಿದೆ. ನಾನೇ ಕೇಳಿದರೂ ವಿನಾಯಿತಿ ಬೇಡವೆಂದೆ.

ಯಂತ್ರದ ಪರೀಕ್ಷೆಯ ದಿನ ಕೇಂದ್ರ ಕಚೇರಿಯವರ ಎದುರಿಗೇ ಸಿದ್ದೇಶನನ್ನು ಕೂರಿಸಿದೆ. ಅವನು ರೆಹಾನಾಳಿಗೆ ಅಣ್ಣನಾದ, ಲಕ್ಕವಳ್ಳಿಯ ಚಿಕ್ಕಪ್ಪನಾದ, ಕೊನೆಗೆ ಡಾಕ್ಟರೂ ಆದ. ಆ ಕಡತ ತನ್ನ ಬಳಿ ಇಲ್ಲವೆಂದು ಯಂತ್ರ ಹೇಳಿದ್ದನ್ನೇ ಹೇಳಿತು. “ಇದಕ್ಕೆ ನೆಂಟ್ರು ಇಷ್ಟ್ರು ಯಾರೂ ಬ್ಯಾಡ ಕಣ್ರೀ,” ಎಂದು ಸಿದ್ದೇಶ ಕೈಚೆಲ್ಲಿ ಎದ್ದ. ನೋಡಲೆಂದೇ ಬಂದಿದ್ದ ರೆಹಾನಾ ಕಣ್ಣೊರೆಸಿಕೊಂಡು ನಕ್ಕಳು. ನನಗಂತೂ ಕಾಲು ನೆಲದ ಮೇಲಿರಲಿಲ್ಲ.

ಅದೇ ಗತ್ತಿನಲ್ಲಿ ಕ್ಯಾಂಟೀನಿಗೆ ಹೋದೆ. ಕಾಫಿ ಕೊಡುವ ಗಿರಿಜಮ್ಮ, ನಾನು ಹಿರೇನಲ್ಲೂರಿನ ಕಡೆಯವನೇ ಎಂದು ವಿಚಾರಿಸಿದರು. ಅವರ ಅತ್ತಿಗೆಯ ತವರೂ ಅದೇ ಊರಂತೆ. ಲೋಟ ಖಾಲಿಯಾಗುವಷ್ಟರಲ್ಲಿ, ಆ ಎರಡನೇ ಡ್ರೈವಿಂಗ್ ಪರೀಕ್ಷೆಯಲ್ಲೂ ರಿವರ್ಸ್ ತೆಗೆಯುವಾಗ ಕಂಬಕ್ಕೆ ಗುದ್ದಿ ಫೇಲಾದದ್ದನ್ನು ನಾನೇ ವಿವರವಾಗಿ ಹೇಳಿದ್ದೆ. ಸಂಜೆಯೊಳಗೆ ಮೂರು ಕಚೇರಿಗಳಿಂದಲೂ ಕಂಬದ ಆರೋಗ್ಯ ವಿಚಾರಿಸಿ ಫೋನು ಬಂತು.

ರೆಹಾನಾಳ ಕಾಯಿಲೆ ಯಾವುದೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ಪುಣ್ಯಕ್ಕೆ, ನನಗೂ ತಿಳಿದಿರಲಿಲ್ಲ.