ಹೊಳೆದ ಹಾಡು

ರಗಳೆಯೆಲ್ಲ ಶುರುವಾದದ್ದು ಒಂದೇ ಮಾತಿನಿಂದ. ಹಳೆಯ ಹಾಡುಗಳನ್ನು ಸಂಗ್ರಹಿಸಲು ರೆಕಾರ್ಡಿಂಗ್ ಯಂತ್ರ ಹೊತ್ತು ಬಂದಿದ್ದ ಮೇಡಂ ಮುಂದೆ ಪದದಜ್ಜ ಬೆಳಗ್ಗೆಯಿಂದ ಹಾಡುತ್ತಿದ್ದ. ಒಂದು ಹಾಡು ಮುಗಿಸಿ, ತಂಬೂರಿಯ ತಂತಿಗಳ ಮೇಲೆ ಅಂಗೈ ಇಟ್ಟು, "ಇದು ಹಳೇದಲ್ಲ ತಾಯಿ, ನಂದು. ನನ್ನ ಹೆಸರಲ್ಲೇ ಇರ್ಲಿ," ಎಂದುಬಿಟ್ಟ.

ಮೀಸೆ ಚಿಗುರಿದಾಗಿನಿಂದ ಊರೂರು ಸುತ್ತಿ ಹಾಡಿದ ಗಂಟಲು ಅದು. ಹಿತ್ತಲ ಗಿಡ ಮದ್ದಲ್ಲವಲ್ಲ, ಎದುರಿಗೆ ಕೂತವನೇ ಕಟ್ಟಿದ್ದು ಎಂದರೆ ಜನ ಎದ್ದು ಹೋಗುತ್ತಿದ್ದರು. ಹಾಗಾಗಿ ಸ್ವಂತ ಹಾಡುಗಳನ್ನೂ ಅವನು "ಹಿರಿಯರ ಪದ" ಎಂದೇ ದಾಟಿಸಿದ್ದ. ಈಗ ಗಂಟಲು ಒಣಗುವ ಕಾಲಕ್ಕೆ, ಒಂದಾದರೂ ತನ್ನದೆಂದು ಉಳಿಯಲಿ ಎಂಬ ಆಸೆ ಹುಟ್ಟಿತ್ತು. ಆರಿಸಿದ್ದೂ ಚಿನ್ನದಂಥ ಹಾಡನ್ನೇ. ತಿರುಗಾಟದ ಗಂಡನಿಗಾಗಿ ಕಾದು ಕೂತ ಹೆಂಗಸಿನ ಹಾಡು:

ದಾರಿಯೇ ದಾರಿಯೇ ದೂಳೆಬ್ಬಿಸಬೇಡ,
ಬರುವವನ ಕಣ್ಣಿಗೆ ಮನೆ ಕಾಣಲಿ.

ಗಂಡಸಾಗಿ ಹೆಣ್ಣಿನ ಮನಸ್ಸು ಹೇಗೆ ಹೊಕ್ಕೆ ಎಂದು ಅವನಿಗೇ ಬೆರಗು. ಒಳಗೊಳಗೇ ಹೆಮ್ಮೆಯೂ ಇತ್ತು.

"ನಿಮ್ಮದೇ ಅಂತ ಹೇಳೋರು ಯಾರಾದ್ರೂ ಇದ್ದಾರಾ ಅಜ್ಜಾ?" ಎಂದು ಮೇಡಂ ಕೇಳಿದಳು.

ಕೇಳಿದ್ದೇ ತಡ, ಬಾಗಿಲಲ್ಲಿ ಇಣುಕುತ್ತಿದ್ದ ಅಕ್ಕಪಕ್ಕದವರೆಲ್ಲ ಒಳಗೆ ನುಗ್ಗಿದರು. ಕೊರಳಲ್ಲಿ ಅಳತೆಪಟ್ಟಿ ನೇತಾಡಿಸಿಕೊಂಡೇ ಬಂದ ದರ್ಜಿ, "ನಾನಿದೀನಿ ಸಾಕ್ಷಿ! ಅಪ್ಪಟ ಹಳೇ ಪದ ಮೇಡಂ, ಏಳು ತಲೆಮಾರಿಂದು. ಅಜ್ಜನೇ ಹೇಳಿದ್ದು," ಎಂದ.

ಅಜ್ಜ ಅವನ ತೊಡೆ ಚಿವುಟಿದ. ಸಾಲಲಿಲ್ಲವೇನೋ ಎಂದುಕೊಂಡು ದರ್ಜಿ ಅದನ್ನು ಹತ್ತು ತಲೆಮಾರಿಗೆ ಏರಿಸಿದ.

ನಿವೃತ್ತ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಇವರು ದೇವರಂಥ ಮನುಷ್ಯ. ಸ್ವಂತ ಅಂತ ಒಂದು ಸಾಲೂ ಕಟ್ಟಿದವರಲ್ಲ. ಎಲ್ಲಿ ಬೇಕಾದ್ರೂ ಹೇಳ್ತೀನಿ."

"ನಮ್ಮಜ್ಜಿ ಇದನ್ನ ಹಾಡ್ತಾನೇ ಕಣ್ಮುಚ್ಚಿದ್ದು," ಎಂದು ಬೇಕರಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಅಜ್ಜಿಗೆ ಇದನ್ನು ಕಲಿಸಿದ್ದು ಪದದಜ್ಜನೇ. ಆದರೆ ಸತ್ತವಳನ್ನು ಕರೆದು ಕೇಳುವುದು ಹೇಗೆ? ಮಾಡಿದ್ದುಣ್ಣೋ ಮಹಾರಾಯ ಎಂದು ಅಜ್ಜ ತಲೆ ತಗ್ಗಿಸಿದ.

ಅಷ್ಟರಲ್ಲಿ ಗದ್ದಲ ಕೇಳಿ ಪಕ್ಕದ ಬೀದಿಯಿಂದ ನಾದಿನಿ ಬಂದಳು. ತೀರಿಕೊಂಡ ಹೆಂಡತಿಯ ತಂಗಿ. ಅಜ್ಜನಿಗೆ ಹೋದ ಜೀವ ಬಂದಂತಾಯಿತು. "ನೀನೇ ಹೇಳಮ್ಮ, ಇದು ಹಳೇ ಪದಾನಾ?"

"ಯಾರು ಹೇಳಿದ್ದು? ನಮ್ಮ ಕಣ್ಮುಂದೆ ಹುಟ್ಟಿದ ಹಾಡು!"

ಅಜ್ಜನ ಕಣ್ಣು ತುಂಬಿತು. ದರ್ಜಿ ಮೆಲ್ಲಗೆ ಬಾಗಿಲ ಕಡೆ ಸರಿದ.

"ಹಾಗಾದ್ರೆ ಕಟ್ಟಿದ್ದು ಇವರೇ?" ಎಂದಳು ಮೇಡಂ.

"ಇವರಾ? ನಮ್ಮಕ್ಕ ಕಟ್ಟಿದ್ದು."

"ಏನಮ್ಮಾ ನೀನು! ಶ್ರುತಿ ಮಾಡ್ತಾ ಕೂತಾಗ ನನಗೆ ತಾನಾಗೇ ಹೊಳೆದಿದ್ದು ಅದು."

"ಹೊಳೀದೆ ಏನಾಗುತ್ತೆ ಭಾವ? ನೀವು ಹೊರಗೆ ತಂತಿ ಬಿಗೀತಾ ಕೂತಿರ್ತಿದ್ರಿ, ಅಕ್ಕ ಒಳಗೆ ಒಲೆ ಮುಂದೆ ಹಾಡ್ಕೋತಿದ್ಲು. 'ನಾನಿಲ್ಲಿ ಹಾಡ್ತೀನಿ, ಅಲ್ಲಿ ಅವರಿಗೆ ಹೊಳೆಯುತ್ತೆ. ಹೊಳೀಲಿ ಬಿಡೇ' ಅಂತ ನಗ್ತಿದ್ಲು. ಕೊನೇ ನುಡಿ ಕಟ್ಟಿದಾಗ ಮಾತ್ರ ನೀವು ಊರಲ್ಲಿರ್ಲಿಲ್ಲ. ಅದಕ್ಕೇ ಅದು ನಿಮಗೆ ಹೊಳೀಲಿಲ್ಲ."

ಹೇಳಿ ಅವಳು ಸಣ್ಣ ದನಿಯಲ್ಲಿ ಹಾಡಿದಳು:

ಊರಿಗೆಲ್ಲ ಹಾಡಿ ಬಂದ ಗಂಟಲಲಿ
ಮನೆಗೆಂದು ಒಂದು ಮಾತು ಉಳಿದಿರಲಿ.

ಅಜ್ಜ ಎಲ್ಲರೆದುರೇ ಅತ್ತುಬಿಟ್ಟ. ಊರೂರು ಹಾಡಿ ಮನೆಗೆ ಬಂದಾಗಲೆಲ್ಲ ಗಂಟಲು ನೋವೆಂದು ಹೆಂಡತಿಗೆ ಸನ್ನೆಯಲ್ಲೇ ನೀರು ಕೇಳುತ್ತಿದ್ದ. ಅವಳು ಒಂದು ದಿನವೂ ದೂರಲಿಲ್ಲ. ಇಷ್ಟು ವರ್ಷ ನನ್ನ ಬಾಯಿಂದಲೇ ನನ್ನ ಮೇಲಿನ ದೂರನ್ನು ಹಾಡಿಕೊಂಡು ಬಂದಿದ್ದೆನಲ್ಲ ಎಂದು ಈಗ ಅವನಿಗೆ ಹೊಳೆಯಿತು.

"ಅವಳ ಹೆಸರಲ್ಲೇ ಇರ್ಲಿ ತಾಯಿ," ಎಂದ.

ಮೇಡಂ ಹೆಂಡತಿಯ ಹೆಸರು ಬರೆದುಕೊಂಡಳು. "ಬೇಜಾರು ಮಾಡ್ಕೋಬೇಡಿ ಅಜ್ಜಾ. ನೀವು ಕಟ್ಟಿದ್ದು ಇನ್ನೂ ಇರುತ್ತಲ್ಲ, ಒಂದೊಂದಾಗಿ ಹಾಡಿ. ಎಲ್ಲಕ್ಕೂ ನಿಮ್ಮ ಹೆಸರೇ ಹಾಕೋಣ."

ಅಜ್ಜನ ಮುಖ ಅರಳಿತು. ವಾದ್ಯ ಎತ್ತಿ ಎದೆಗೊರಗಿಸಿಕೊಂಡ. ನಾದಿನಿಯೂ ಎದುರಿಗೆ ಚಾಪೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು.

"ಹಾಡಿ ಭಾವ. ಯಾವುದು ಯಾರದ್ದು ಅಂತ ನಾನು ಹೇಳ್ತಾ ಹೋಗ್ತೀನಿ."

ಅಜ್ಜ ಅವಳ ಮುಖ ನೋಡಿದ, ತಿರುಗುತ್ತಿದ್ದ ಯಂತ್ರವನ್ನು ನೋಡಿದ. ವಾದ್ಯವನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

"ಮಿಕ್ಕಿದ್ದೆಲ್ಲ ಹಿರಿಯರದ್ದೇ ತಾಯಿ," ಎಂದ.